ನಾಡದೋಣಿಗೆ ಎಷ್ಟು ಎಚ್‌ಪಿ ಎಂಜಿನ್ ಬೇಕು?

ದೋಣಿಯ ಹಿಂಭಾಗಕ್ಕೆ ಹೊರಗಿನಿಂದ ಸಿಕ್ಕಿಸುವ ಹೊಸ ಔಟ್‌ಬೋರ್ಡ್ ಎಂಜಿನ್ ಕೊಳ್ಳಲು ಹೊರಟವರು ಮೊದಲು ನೋಡುವುದು ಪಕ್ಕದ ದೋಣಿಯನ್ನು. ಅವರದು 15 ಎಚ್‌ಪಿ ಇದ್ದರೆ ನಮ್ಮದು 25 ಇರಲಿ ಎನಿಸುತ್ತದೆ. ಆದರೆ ಎಂಜಿನ್ ತಳ್ಳಬೇಕಾದದ್ದು ನಿಮ್ಮ ದೋಣಿಯ ಭಾರವನ್ನು, ನಿಮ್ಮ ಬಲೆಯನ್ನು, ನಿಮ್ಮ ಮೀನನ್ನು. ಕೊಂಡ ದಿನದ ಬೆಲೆ ಒಮ್ಮೆ ಕೊಟ್ಟರೆ ಮುಗಿಯಿತು, ಎಣ್ಣೆಯ ಖರ್ಚು ಮಾತ್ರ ಆ ಎಂಜಿನ್ ಇರುವಷ್ಟು ದಿನವೂ ಬೆನ್ನು ಬಿಡುವುದಿಲ್ಲ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಒಂದು ಅಳತೆಪಟ್ಟಿ ಹಿಡಿದು ದೋಣಿಯ ಹತ್ತಿರ ಹೋಗಿ.

ಮೊದಲು ದೋಣಿಯನ್ನು ಅಳೆಯಿರಿ

ಬೇಕಾಗಿರುವುದು ದೋಣಿಯ ಪೂರ್ತಿ ಉದ್ದವಲ್ಲ, ನೀರನ್ನು ಮುಟ್ಟಿಕೊಂಡಿರುವ ಉದ್ದ. ಬಲೆ, ಮಂಜುಗಡ್ಡೆ, ಜನ ಎಲ್ಲ ತುಂಬಿದ ಮೇಲೆ, ಅಲೆಯಿಲ್ಲದ ಹೊಳೆಯಲ್ಲಿ ದೋಣಿ ನಿಂತಿರುವಾಗ ನೀರಿನ ಗೆರೆ ಎಲ್ಲಿದೆ ಎಂದು ಗುರುತು ಹಾಕಿ. ಆ ಗೆರೆಯಲ್ಲಿ ಉದ್ದ, ಅಗಲ, ಗೆರೆಯಿಂದ ಕೆಳಗೆ ಮುಳುಗಿರುವ ಆಳ ಮೂರನ್ನೂ ಮೀಟರಿನಲ್ಲಿ ಬರೆದುಕೊಳ್ಳಿ.

ಮೂರನ್ನೂ ಗುಣಿಸಿ, ಬಂದದ್ದನ್ನು 0.4ರಿಂದ ಗುಣಿಸಿದರೆ ತುಂಬಿದ ದೋಣಿಯ ತೂಕ ಸುಮಾರಾಗಿ ಟನ್ನಿನಲ್ಲಿ ಸಿಗುತ್ತದೆ. ದೋಣಿ ಪೆಟ್ಟಿಗೆಯಂತೆ ಚೌಕಾಕಾರವಲ್ಲವಾದ್ದರಿಂದ ಈ 0.4. ತಳ ಹೆಚ್ಚು ಚಪ್ಪಟೆಯಾಗಿದ್ದರೆ 0.5 ಹಿಡಿಯಿರಿ.

ಒಂದು ಫೈಬರ್ ನಾಡದೋಣಿಯ ಲೆಕ್ಕ ನೋಡೋಣ. ನೀರಿನ ಗೆರೆಯಲ್ಲಿ ಉದ್ದ 25 ಅಡಿ, ಅಂದರೆ 7.6 ಮೀಟರ್. ಅಗಲ 1.6 ಮೀಟರ್, ಮುಳುಗಿರುವ ಆಳ 0.4 ಮೀಟರ್. ಗುಣಿಸಿದರೆ ಸುಮಾರು 4.9, ಅದರ 0.4 ಪಾಲು ಹತ್ತಿರಹತ್ತಿರ 2 ಟನ್. ಖಾಲಿ ದೋಣಿಯ ತೂಕ ಹಿಡಿದು ಎಂಜಿನ್ ಆರಿಸಿದರೆ ಕಡಲಿಗೆ ಹೋಗುವಾಗ ಎಲ್ಲವೂ ಸರಿಯಾಗಿ ಕಾಣುತ್ತದೆ, ಬೂತಾಯಿ ಬಂಗುಡೆ ತುಂಬಿಕೊಂಡು ಮರಳುವಾಗ ಎಂಜಿನ್ ಏದುಸಿರು ಬಿಡುತ್ತದೆ.

ದೋಣಿಯ ವೇಗಕ್ಕೆ ಒಂದು ಮಿತಿಯಿದೆ

ಈ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ. ನೀರನ್ನು ಸೀಳಿಕೊಂಡು ಹೋಗುವ ಯಾವ ದೋಣಿಯೂ ತನ್ನ ಮುಂದೆ ಒಂದು ಅಲೆ ಎಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಆ ಅಲೆ ಉದ್ದವಾಗುತ್ತಾ ಹೋಗಿ, ಕಡೆಗೆ ದೋಣಿಯಷ್ಟೇ ಉದ್ದವಾಗುತ್ತದೆ. ಅಲ್ಲಿಂದ ಮುಂದೆ ಹಿಂಭಾಗ ಕುಸಿದು, ಮೂತಿ ಮೇಲೆದ್ದು, ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತಲು ಹೆಣಗುತ್ತದೆ. ಥ್ರಾಟಲ್ ಎಷ್ಟು ತಿರುವಿದರೂ ಸದ್ದು ಮತ್ತು ನೊರೆ ಹೆಚ್ಚುತ್ತವೆ, ಓಟ ಹೆಚ್ಚುವುದಿಲ್ಲ.

ಈ ಮಿತಿ ಎಷ್ಟೆಂದು ತಿಳಿಯಲು ನೀರಿನ ಗೆರೆಯ ಉದ್ದವನ್ನು ಅಡಿಯಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿ. ಉತ್ತರ ನಾಟ್‌ನಲ್ಲಿ ಬರುತ್ತದೆ. 25 ಅಡಿಗೆ ವರ್ಗಮೂಲ 5, ಮಿತಿ 6.7 ನಾಟ್, ಅಂದರೆ ಗಂಟೆಗೆ ಸುಮಾರು 12.4 ಕಿ.ಮೀ. 36 ಅಡಿಯ ದೋಣಿಗೂ ಅದು 8 ನಾಟ್ ಅಷ್ಟೆ.

ಮಿತಿಗಿಂತ ಕೆಳಗೆ ಕೂಡ ವೇಗ ಅಗ್ಗವಲ್ಲ. ಬೇಕಾಗುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಓಟ ಶೇ 20ರಷ್ಟು ಹೆಚ್ಚಬೇಕಾದರೆ ಶಕ್ತಿ ಶೇ 70ಕ್ಕಿಂತ ಹೆಚ್ಚು ಬೇಕು. ಮಿತಿಯ ಹತ್ತಿರ ಇದು ಇನ್ನೂ ಕಡಿದಾಗುತ್ತದೆ.

ಹಾಗಾದರೆ ಸ್ಪೀಡ್ ಬೋಟುಗಳು ಹೇಗೆ ಓಡುತ್ತವೆ? ಅವು ನೀರನ್ನು ಸೀಳುವುದಿಲ್ಲ, ಮೇಲೆದ್ದು ಜಾರುತ್ತವೆ. ಅದಕ್ಕೆ ಚಪ್ಪಟೆ ತಳ, ಕಡಿಮೆ ಭಾರ, ಜೊತೆಗೆ ಟನ್ನಿಗೆ 40 ಎಚ್‌ಪಿಯ ಆಸುಪಾಸಿನ ಶಕ್ತಿ ಬೇಕು. ನಮ್ಮ 2 ಟನ್ ದೋಣಿಗೆ ಅದು 80 ಎಚ್‌ಪಿ ಆಯಿತು. ಬಲೆ ಹೊತ್ತ ನಾಡದೋಣಿಗೆ ಇದು ಆಗಿಬರುವ ಮಾತಲ್ಲ. ಹೀಗಾಗಿ ಆ ದೋಣಿಗೆ ಹಾಕುವ 25 ಎಚ್‌ಪಿ ಎಂಜಿನ್ ಜಾರಿಸಲೂ ಸಾಲದು, ಸೀಳಿ ಹೋಗಲು ವಿಪರೀತ ಹೆಚ್ಚು.

ಈಗ ಎಚ್‌ಪಿ ಲೆಕ್ಕ

ಸೀಳಿಕೊಂಡು ಹೋಗುವ ದೋಣಿಗೆ ತುಂಬಿದ ತೂಕದ ಪ್ರತಿ ಟನ್ನಿಗೆ 4ರಿಂದ 5 ಎಚ್‌ಪಿ ಸಾಕು. 2 ಟನ್ನಿಗೆ 8ರಿಂದ 10. ಮಾರುಕಟ್ಟೆಯಲ್ಲಿ ಸಿಗುವ 9.9 ಎಚ್‌ಪಿ ಎಂಜಿನ್ ಇಲ್ಲಿ ಸರಿಯಾಗಿ ಕೂರುತ್ತದೆ. 5.5 ನಾಟ್‌ನಲ್ಲಿ ಓಡಿಸಿದರೆ ಅದರ ಅರ್ಧದಷ್ಟು ಶಕ್ತಿ ಮಾತ್ರ ಖರ್ಚಾಗುತ್ತದೆ, ಉಳಿದದ್ದು ಆಪತ್ತಿಗೆ ಕೈಯಲ್ಲಿರುತ್ತದೆ.

ಆ ಉಳಿಕೆ ಬೇಕೇ ಬೇಕು. ಗಂಗೊಳ್ಳಿಯಲ್ಲಾಗಲಿ ಕೋಡಿಬೆಂಗ್ರೆಯಲ್ಲಾಗಲಿ, ಇಳಿತದ ಹೊತ್ತು ಅಳಿವೆ ಬಾಗಿಲಿನಲ್ಲಿ ಹೊಳೆಯ ನೀರು ಕಡಲಿಗೆ ನುಗ್ಗುತ್ತಿರುತ್ತದೆ, ಎದುರಿನಿಂದ ಅಲೆ ಒಡೆಯುತ್ತಿರುತ್ತದೆ. ಸೆಳೆತ 3 ನಾಟ್ ಇದ್ದರೆ 6.5 ನಾಟ್ ಓಡುವ ದೋಣಿಯೂ ಒಳಗೆ ಬರುವಾಗ 3.5 ನಾಟ್ ಮಾತ್ರ ಮುಂದೆ ಸಾಗುತ್ತದೆ. ಅಲ್ಲಿ ಎಂಜಿನ್ ಸೋತರೆ ದೋಣಿ ಅಲೆಗೆ ಅಡ್ಡ ತಿರುಗುತ್ತದೆ. ಅಳಿವೆ ದಾಟುವವರು, ತೂಫಾನ್ ಇಳಿದ ಕೂಡಲೇ ಕಡಲಿಗಿಳಿಯುವವರು ಟನ್ನಿಗೆ 5ರ ಲೆಕ್ಕವನ್ನೇ ಹಿಡಿಯಿರಿ. ಹೊಳೆಯೊಳಗೆ ಮಾತ್ರ ಬಲೆ ಬಿಡುವವರಿಗೆ 3 ಸಾಕಾಗುತ್ತದೆ.

ಇನ್ನೊಂದು ಕಾರಣಕ್ಕೂ 10 ಎಚ್‌ಪಿಯ ಗೆರೆ ನಮ್ಮ ಕರ್ನಾಟಕ ಕರಾವಳಿಯಲ್ಲಿ ಮುಖ್ಯ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. 10 ಎಚ್‌ಪಿವರೆಗಿನ ಎಂಜಿನ್ ಇರುವ ದೋಣಿಗಳಿಗೆ ವಿನಾಯಿತಿ. ಮಳೆಗಾಲದ ಸಂಪಾದನೆಯನ್ನೇ ನೆಚ್ಚಿಕೊಂಡ ಮನೆಗಳು 15 ಎಚ್‌ಪಿ ಕೊಳ್ಳುವ ಮೊದಲು ಆ ವರ್ಷದ ಆದೇಶವನ್ನು ಮೀನುಗಾರಿಕೆ ಇಲಾಖೆಯಲ್ಲಿ ಕೇಳಿ ನೋಡಬೇಕು.

ಎಣ್ಣೆ ಯಾವುದು?

ಒಂದು ಎಚ್‌ಪಿ ಶಕ್ತಿಗೆ ಗಂಟೆಗೆ ಡೀಸೆಲ್ ಎಂಜಿನ್ ಸುಮಾರು ಕಾಲು ಲೀಟರ್, ಫೋರ್ ಸ್ಟ್ರೋಕ್ ಪೆಟ್ರೋಲ್ ಎಂಜಿನ್ ಮೂರನೇ ಒಂದು ಲೀಟರಿಗಿಂತ ತುಸು ಹೆಚ್ಚು, ಟೂ ಸ್ಟ್ರೋಕ್ ಎಂಜಿನ್ ಅರ್ಧ ಲೀಟರಿನಷ್ಟು ಕುಡಿಯುತ್ತವೆ. ದಿನಕ್ಕೆ 3 ಗಂಟೆ ಓಡುವ ಫೋರ್ ಸ್ಟ್ರೋಕ್ ಎಂಜಿನ್ನಿನಿಂದ 8 ಎಚ್‌ಪಿ ಬಳಸಿದರೆ 9 ಲೀಟರಿನ ಆಸುಪಾಸು, 20 ಬಳಸಿದರೆ 20 ಲೀಟರ್ ದಾಟುತ್ತದೆ. ಬಲೆಗೆ ಬೀಳುವ ಮೀನು ಎರಡಕ್ಕೂ ಅಷ್ಟೇ. ಸೀಮೆಎಣ್ಣೆಯಲ್ಲಿ ಓಡುವ ಎಂಜಿನ್ ಪೆಟ್ರೋಲಿನಷ್ಟು ಶಕ್ತಿ ಕೊಡುವುದಿಲ್ಲ. ಆದ್ದರಿಂದ ಎಂಜಿನ್ನಿನ ಮೇಲೆ ಬರೆದಿರುವ ಎಚ್‌ಪಿ ಯಾವ ಎಣ್ಣೆಯದೆಂದು ಕೇಳಿ.

ತೂಕ, ಉದ್ದ, ಫ್ಯಾನ್

ಮರವಂತೆಯಂಥ ಕಡೆ ದೋಣಿಯನ್ನು ದಡಕ್ಕೆಳೆದು ಎಂಜಿನ್ ಬಿಚ್ಚಿ ಹೆಗಲ ಮೇಲೆ ಹೊರುವವರಿಗೆ ತೂಕವೂ ಲೆಕ್ಕವೇ. 9.9ರ ಫೋರ್ ಸ್ಟ್ರೋಕ್ ಎಂಜಿನ್ 40 ಕಿಲೋ ಆಸುಪಾಸು, 25ರದು 60 ಕಿಲೋ ಆಸುಪಾಸು ಅಥವಾ ಅದಕ್ಕೂ ಹೆಚ್ಚು. ಅಷ್ಟು ಭಾರ ಹಿಂದೆ ತೂಗಿದರೆ ದೋಣಿಯ ಹಿಂಭಾಗ ತಗ್ಗಿ, ಬೆನ್ನ ಹಿಂದಿನ ಅಲೆ ಒಳಗೆ ಬರುವುದೂ ಸುಲಭ.

ಔಟ್‌ಬೋರ್ಡ್‌ಗಳು 15 ಇಂಚು ಮತ್ತು 20 ಇಂಚಿನ ಹಲಗೆಗೆ ಬೇರೆ ಬೇರೆ ಉದ್ದದಲ್ಲಿ ಬರುತ್ತವೆ. ಎಂಜಿನ್ ಸಿಕ್ಕಿಸುವ ಹಲಗೆಯ ಎತ್ತರ ಅಳೆದುಕೊಂಡೇ ಹೋಗಿ. ನೀರಿನಲ್ಲಿ ತಿರುಗಿ ದೋಣಿಯನ್ನು ತಳ್ಳುವ ಫ್ಯಾನಿನ (ಪ್ರೊಪೆಲ್ಲರ್) ಮೇಲಿರುವ ಅಗಲವಾದ ತಗಡು ದೋಣಿಯ ತಳದ ಮಟ್ಟದಲ್ಲೋ ಒಂದು ಇಂಚು ಕೆಳಗೋ ಇರಬೇಕು. ಮೇಲಿದ್ದರೆ ಅಲೆಯ ತುದಿಯಲ್ಲಿ ಫ್ಯಾನ್ ಗಾಳಿ ಹಿಡಿದು ಬರಿದೇ ತಿರುಗುತ್ತದೆ.

ಫ್ಯಾನಿನ ಮೇಲೆ ಎರಡು ಅಂಕಿ ಇರುತ್ತವೆ: ಮೊದಲನೆಯದು ಅಗಲ, ಎರಡನೆಯದು ಪಿಚ್, ಅಂದರೆ ಒಂದು ಸುತ್ತಿಗೆ ಅದು ಮುಂದೆ ಸಾಗಬೇಕಾದ ಇಂಚು. ಅಂಗಡಿಯಿಂದ ಬರುವ ಫ್ಯಾನ್ ಹೆಚ್ಚಾಗಿ ಹಗುರ ಬೋಟಿಗೆ ಹೊಂದುವಂಥದ್ದು. ಭಾರದ ನಾಡದೋಣಿಗೆ ಕಡಿಮೆ ಪಿಚ್ ಬೇಕು. ಶಕ್ತಿ ಸಾಲದು ಎಂದು ಎಂಜಿನ್ನನ್ನೇ ಬದಲಿಸುವ ಎಷ್ಟೋ ಕಡೆ ಬದಲಿಸಬೇಕಾದದ್ದು ಬರೀ ಫ್ಯಾನ್ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ತಿಳಿಯುವ ದಾರಿ ಸರಳ. ಹೊಸ ಎಂಜಿನ್ ಪಳಗಿದ ಮೇಲೆ ದೋಣಿಗೆ ಪೂರ್ತಿ ಭಾರ ಹಾಕಿ, ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂದು ತೋರಿಸುವ, ಮೆಕ್ಯಾನಿಕ್ ಹತ್ತಿರವಿರುವ ಆರ್‌ಪಿಎಂ ಮೀಟರ್ ಕಟ್ಟಿ, ಪೂರ್ತಿ ಥ್ರಾಟಲ್ ಕೊಡಿ. ಕೈಪಿಡಿಯಲ್ಲಿ 4500ರಿಂದ 5500 ಎಂದಿದ್ದು ನಿಮ್ಮದು 4200ರಲ್ಲೇ ನಿಂತರೆ ಪಿಚ್ ಹೆಚ್ಚಾಗಿದೆ. ಒಂದು ಇಂಚು ಇಳಿಸಿದರೆ ಸುಮಾರು 150ರಿಂದ 200 ಸುತ್ತು ಏರುತ್ತದೆ, ಹಾಗಾಗಿ ಇಲ್ಲಿ ಎರಡು ಮೂರು ಇಂಚು ಇಳಿಸಬೇಕು. 5500 ದಾಟುತ್ತಿದ್ದರೆ ಏರಿಸಬೇಕು. ಕೊಳ್ಳುವಾಗಲೇ ಫ್ಯಾನ್ ಬದಲಿಸಿಕೊಡುವ ಮಾತನ್ನು ಡೀಲರ್ ಹತ್ತಿರ ಬಿಲ್ಲಿನ ಮೇಲೆ ಬರೆಸಿಕೊಳ್ಳಿ.