ಹೆಜ್ಜೆ ಚಿಕ್ಕದು ಮಾಡಿದೆ, ಮಂಡಿ ನೋವು ಹೋಯಿತು

ನಾನು ಓಡೋಕೆ ಶುರು ಮಾಡಿದ್ದು 41ನೇ ವಯಸ್ಸಿನಲ್ಲಿ. ಮನೆ ಮೈಸೂರಿನ ಸರಸ್ವತಿಪುರಂ, ಕುಕ್ಕರಹಳ್ಳಿ ಕೆರೆ ಪಕ್ಕದಲ್ಲೇ. ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ. ಹೀಗೆ ಮೂರು ತಿಂಗಳಲ್ಲಿ 5 ಕಿಲೋಮೀಟರ್ ನಿಲ್ಲದೆ ಓಡುವ ಹಾಗಾಯಿತು.

ಆಮೇಲೆ ಬಲಗಡೆ ಮಂಡಿ ನೋವು ಹಿಡಿಯಿತು. ಮೆಟ್ಟಿಲು ಇಳಿಯುವಾಗ ಚಿಪ್ಪಿನ ಸುತ್ತ ಚುಚ್ಚುತ್ತಿತ್ತು. ಡಾಕ್ಟರು ನೋಡಿ ಮೂಳೆಗೆ ಏನೂ ಆಗಿಲ್ಲ ಅಂದರು. ಹತ್ತು ದಿನ ಬಿಟ್ಟರೆ ವಾಸಿ, ಓಡಿದರೆ ಮತ್ತೆ ಅದೇ. ಹೊಸ ಶೂ ತಂದೆ, ಪ್ರಯೋಜನವಾಗಲಿಲ್ಲ.

ಒಂದು ಭಾನುವಾರ ಅಕ್ಕನ ಮಗ ಜೊತೆಗೆ ಬಂದಿದ್ದ. ಪಕ್ಕದಿಂದ ಮೊಬೈಲಲ್ಲಿ ವಿಡಿಯೋ ಮಾಡಿ, ನಿಧಾನಗತಿಯಲ್ಲಿ ತೋರಿಸಿದ. “ಮಾವ, ನಿಮ್ಮ ಕಾಲು ನಿಮಗಿಂತ ಮುಂದೆ ಹೋಗ್ತಾ ಇದೆ ನೋಡಿ” ಅಂದ. ನಿಜ. ಮಂಡಿ ನೆಟ್ಟಗೆ ಮಾಡಿ, ಪಾದವನ್ನು ದೂರಕ್ಕೆ ಚಾಚಿ, ಹಿಮ್ಮಡಿಯನ್ನು ನೆಲಕ್ಕೆ ಗುದ್ದುತ್ತಿದ್ದೆ. ಪ್ರತಿ ಹೆಜ್ಜೆಗೂ ಬ್ರೇಕ್ ಹಾಕಿದ ಹಾಗೆ. ಆ ಪೆಟ್ಟೆಲ್ಲ ಮಂಡಿಗೇ ಹೋಗುತ್ತಿತ್ತು. ಹಿಮ್ಮಡಿ ಮೊದಲು ಊರುವುದೇ ತಪ್ಪು ಅಂತ ತುಂಬಾ ಜನ ಹೇಳುತ್ತಾರೆ. ನಾನು ಒಪ್ಪಲ್ಲ. ಚೆನ್ನಾಗಿ ಓಡುವವರಲ್ಲೂ ಎಷ್ಟೋ ಜನ ಹಾಗೇ ಊರುತ್ತಾರೆ. ಪಾದ ಮೈಯಿಂದ ಎಷ್ಟು ಮುಂದೆ ಬೀಳುತ್ತದೆ ಅನ್ನೋದೇ ಮುಖ್ಯ.

ಅರ್ಧ ನಿಮಿಷ ಬಲಗಾಲು ಎಣಿಸಿದೆ: 39. ಅಂದರೆ ಎರಡೂ ಕಾಲು ಸೇರಿ ನಿಮಿಷಕ್ಕೆ 156 ಹೆಜ್ಜೆ. ಅದನ್ನು ಸುಮಾರು 5 ಪರ್ಸೆಂಟ್ ಜಾಸ್ತಿ ಮಾಡಿ, 164ಕ್ಕೆ ತರಬೇಕು ಅಂದುಕೊಂಡೆ. ಮೊಬೈಲಿನ ಮೆಟ್ರೊನೋಮ್ ಆ್ಯಪ್ ಟಿಕ್ ಟಿಕ್ ಅನ್ನುತ್ತಿದ್ದರೆ ಅದರ ತಾಳಕ್ಕೆ ಕಾಲು ಹಾಕುವುದು. ಇಲ್ಲಿ ಒಂದು ವಿಷಯ ನೆನಪಿಡಿ. ವೇಗ ಅದೇ ಇರಬೇಕು, ಹೆಜ್ಜೆ ಮಾತ್ರ ಚಿಕ್ಕದಾಗಬೇಕು. ಮೊದಲ ದಿನ ನಾನು ತಾಳದ ಜೊತೆ ವೇಗವನ್ನೂ ಏರಿಸಿಬಿಟ್ಟೆ, ಒಂದು ಕಿಲೋಮೀಟರಿಗೇ ಏದುಸಿರು ಬಂತು. ಮಾರನೇ ಸಲದಿಂದ ಐದು ನಿಮಿಷ ನನ್ನ ಹಳೇ ಓಟ, ಒಂದು ನಿಮಿಷ ಹೊಸ ಹೆಜ್ಜೆ. ವಾರ ವಾರ ಆ ಒಂದು ನಿಮಿಷವನ್ನು ಬೆಳೆಸಿದೆ. ಹಾಗಿದ್ದರೂ ಮೊದಲ ಎರಡು ವಾರ ಮೀನಖಂಡ ಬಿಗಿದುಕೊಂಡಿತ್ತು. ಮಂಡಿಯ ಕೆಲಸ ಸ್ವಲ್ಪ ಅದಕ್ಕೆ ಬಿತ್ತಲ್ವಾ. ಅವಸರ ಮಾಡಿದ್ದರೆ ಅಲ್ಲೇ ಹೊಸ ನೋವು ಶುರುವಾಗುತ್ತಿತ್ತು.

ಕೈ ಮುಷ್ಟಿ ಕಟ್ಟುವ ಅಭ್ಯಾಸವೂ ಇತ್ತು. ಅಂಗೈಯಲ್ಲಿ ಹಪ್ಪಳ ಇದೆ, ಮುರಿಯಬಾರದು ಅಂತ ನೆನಸಿಕೊಂಡೆ. ಭುಜ ತಾನೇ ಸಡಿಲವಾಯಿತು.

ಎರಡನೇ ತಿಂಗಳಲ್ಲಿ ಸದ್ದು ಬದಲಾಯಿತು. ಕೆರೆ ಏರಿಯ ಮಣ್ಣಿನ ದಾರಿಯಲ್ಲಿ ಮೊದಲು ಧಪ್ ಧಪ್ ಅನ್ನುತ್ತಿತ್ತು. ಈಗ ಬರೀ ಸರಸರ. ಮೆಟ್ಟಿಲು ಇಳಿಯುವಾಗಿನ ನೋವು ಯಾವತ್ತು ನಿಂತಿತೋ ಗಮನಕ್ಕೇ ಬರಲಿಲ್ಲ.

ಈಗ ವಾರಕ್ಕೆ ಮೂರು ದಿನ ಓಡುತ್ತೇನೆ, ಭಾನುವಾರ 12 ಕಿಲೋಮೀಟರ್. ಕೆರೆ ಹತ್ತಿರ ಎಣಿಸುವುದನ್ನು ಬಿಟ್ಟಿದ್ದೇನೆ. ಚಾಮುಂಡಿ ಬೆಟ್ಟದ ರಸ್ತೆ ಇಳಿಯುವಾಗ ಮಾತ್ರ ಹೆಜ್ಜೆ ಮತ್ತೆ ಉದ್ದವಾಗೋಕೆ ನೋಡುತ್ತದೆ. ಅಲ್ಲಿ ಇವತ್ತಿಗೂ ಎಣಿಸುತ್ತಲೇ ಇಳಿಯುತ್ತೇನೆ.