ತೊಡೆಯ ಮೇಲೆ ನಿಲ್ಲದ ಗಿಟಾರ್

ವಿ ಆಕಾರದ ಗಿಟಾರನ್ನು ಮನೆಗೆ ತಂದ ಸಂಜೆಯೇ ಕುರ್ಚಿಯಲ್ಲಿ ಕುಳಿತು, ಹತ್ತು ವರ್ಷಗಳ ರೂಢಿಯಂತೆ ಬಲತೊಡೆಯ ಮೇಲೆ ಇಟ್ಟುಕೊಂಡೆ. ಅದು ನಿಲ್ಲಲಿಲ್ಲ. ಮಾಮೂಲಿ ಗಿಟಾರಿನಲ್ಲಿ ತೊಡೆ ಹಿಡಿಸುವಷ್ಟು ಸೊಂಟವಿರುತ್ತದೆ. ಇದಕ್ಕೆ ಇದ್ದದ್ದು ಓರೆಯಾದ, ನುಣುಪಾದ ಅಂಚು ಮಾತ್ರ. ಜಾರದಂತೆ ಬಲ ಮುಂಗೈಯಿಂದ ಒತ್ತಿದೆ, ಎಡಗೈಯಿಂದ ನೆಕ್, ಅಂದರೆ ಗಿಟಾರಿನ ಉದ್ದನೆಯ ಕತ್ತನ್ನು, ಎತ್ತಿ ಹಿಡಿದೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಎಡ ಹೆಬ್ಬೆರಳಿನ ಬುಡ ನೋಯತೊಡಗಿತು. ಹಗುರವಾಗಿ ನುಡಿಸಬೇಕಾದ ಸ್ವರಗಳೂ ಬಿಗಿಯಾಗಿ ಬರುತ್ತಿದ್ದವು.

ಆ ನೋವು ಒಂದು ವಿಷಯವನ್ನು ಸ್ಪಷ್ಟ ಮಾಡಿತು. ಎಡಗೈ ಇರುವುದು ತಂತಿ ಒತ್ತಲಿಕ್ಕೆ, ಮರ ಹೊರಲಿಕ್ಕಲ್ಲ. ಆಮೇಲೆ ಯಾವ ಆಕಾರದ ಗಿಟಾರ್ ಕೈಗೆ ಬಂದರೂ ಮೊದಲು ಎಡಗೈಯನ್ನು ಪೂರ್ತಿ ಬಿಟ್ಟು ನೋಡುತ್ತೇನೆ. ಗಿಟಾರ್ ಇದ್ದಲ್ಲಿಯೇ ಇದ್ದರೆ ಅದು ನುಡಿಸಲು ತಯಾರಾಗಿದೆ. ಜಾರಿದರೆ ಅಥವಾ ವಾಲಿದರೆ, ಅದನ್ನು ಹೊರುವ ಕೆಲಸವನ್ನು ದೇಹದ ಇನ್ನಾವುದೋ ಭಾಗಕ್ಕೆ ವಹಿಸಬೇಕು.

ಈ ಜಾರಾಟ ಹೊಸತೇನಲ್ಲ. ಗಿಟಾರ್ ತಯಾರಿಸುವ ಗಿಬ್ಸನ್ ಕಂಪನಿ 1958ರಲ್ಲಿ ಫ್ಲೈಯಿಂಗ್ ವಿ ಎಂಬ ಈ ಆಕಾರದ ಗಿಟಾರನ್ನು ಹೊರತಂದಾಗಲೇ ವಿಯ ಕೆಳಗಿನ ರೆಕ್ಕೆಯ ಅಂಚಿಗೆ ಗೀರುಗಳಿರುವ ರಬ್ಬರ್ ಪಟ್ಟಿಯೊಂದನ್ನು ಅಂಟಿಸಿತ್ತು, ತೊಡೆಯ ಮೇಲೆ ಜಾರದಿರಲಿ ಎಂದು. ಆ ಮೊದಲ ಸುತ್ತಿನಲ್ಲಿ ಮಾರಾಟವಾದದ್ದು ನೂರಕ್ಕೂ ಕಡಿಮೆ. ನನ್ನ ಗಿಟಾರಿಗೆ ಆ ಪಟ್ಟಿ ಇರಲಿಲ್ಲ. ರಬ್ಬರ್ ಹಾಳೆ ಕತ್ತರಿಸಿ ಅಂಟಿಸಿ ನೋಡಿದೆ. ಜಾರುವುದು ಕಡಿಮೆಯಾಯಿತು, ಆದರೆ ನೆಕ್ ಎಡಕ್ಕೆ ಇಳಿಯುವುದು ನಿಲ್ಲಲಿಲ್ಲ.

ನಿಜವಾದ ದಾರಿ ಸಿಕ್ಕಿದ್ದು ಕೂರುವ ರೀತಿ ಬದಲಿಸಿದಾಗ. ರೆಕ್ಕೆಗಳ ನಡುವಿನ ಕವಲು ಬಲತೊಡೆಯನ್ನು ಕಚ್ಚುವಂತೆ ಗಿಟಾರನ್ನು ಓರೆಯಾಗಿ ಇಳಿಸಿದೆ. ಕೆಳಗಿನ ರೆಕ್ಕೆ ಎರಡು ತೊಡೆಗಳ ನಡುವೆ ಬಂತು, ಮೇಲಿನದು ಬಲತೊಡೆಯ ಹೊರಮಗ್ಗುಲಿಗೆ ಹೋಯಿತು. ಶಾಸ್ತ್ರೀಯ ಗಿಟಾರ್ ವಾದಕರು ಹಿಡಿಯುವಂತೆ ನೆಕ್ ಮೇಲಕ್ಕೆ ಎದ್ದು ನಿಂತಿತು. ಎಡಗೈ ಬಿಟ್ಟೆ, ಗಿಟಾರ್ ಅಲುಗಲಿಲ್ಲ. ಮೊಣಕೈ ಪಕ್ಕೆಯಿಂದ ದೂರ ಸರಿದು ಸಡಿಲವಾಯಿತು, ಮಣಿಕಟ್ಟು ನೆಟ್ಟಗಾಯಿತು. ನೆಕ್‌ನ ಬುಡದಲ್ಲಿ ಅಡ್ಡ ಬರುವ ಕೊಂಬು, ಅಂದರೆ ದೇಹದ ಚಾಚು, ಇಲ್ಲವಾದ್ದರಿಂದ ಇಪ್ಪತ್ತನೆಯ ಫ್ರೆಟ್‌ಗೂ (ಫ್ರೆಟ್ ಎಂದರೆ ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಬೆರಳು ಸಲೀಸಾಗಿ ಹೋಯಿತು. ನನ್ನ ಹಳೆಯ ಗಿಟಾರಿನಲ್ಲಿ ಅಲ್ಲಿಗೆ ಹೋಗಲು ಅಂಗೈಯನ್ನೇ ತಿರುಚಬೇಕಿತ್ತು.

ಕಷ್ಟ ಎದುರಾದದ್ದು ಬಲಗೈಯಲ್ಲಿ. ತಂತಿಗಳು ಓರೆಯಾದವು, ಕೈ ಮಾತ್ರ ಹಳೆಯ ದಿಕ್ಕಿನಲ್ಲೇ ಮೀಟುತ್ತಿತ್ತು. ಮೀಟಲು ಹಿಡಿಯುವ ಪಿಕ್ ತಂತಿಯನ್ನು ಉಜ್ಜಿದಂತೆ ಕರಕರ ಸದ್ದು. ಮೊಣಕೈಯನ್ನು ಸ್ವಲ್ಪ ಹಿಂದಕ್ಕೆ ಎಳೆದು, ಪಿಕ್ ಹಿಡಿದ ಕೋನವನ್ನು ತಿದ್ದಿಕೊಳ್ಳಲು ಎರಡು ವಾರ ಬೇಕಾಯಿತು. ಆ ಎರಡು ವಾರ ಒಂದೇ ತಂತಿಯ ಮೇಲೆ ನಿಧಾನವಾಗಿ ಮೇಲೆ ಕೆಳಗೆ ಮೀಟುವುದನ್ನು ಬಿಟ್ಟು ಬೇರೇನೂ ನುಡಿಸಲಿಲ್ಲ. ತಾಳ್ಮೆ ಬೇಡುವ ಕೆಲಸ ಅದು, ಆದರೆ ಬೇರೆ ಅಡ್ಡದಾರಿ ನನಗೆ ಕಾಣಲಿಲ್ಲ.

ನಿಂತು ನುಡಿಸುವಾಗಿನ ತೊಂದರೆ ಬೇರೆ. ಕೈ ಬಿಟ್ಟರೆ ಹೆಡ್‌ಸ್ಟಾಕ್, ಅಂದರೆ ನೆಕ್‌ನ ತುದಿಯಲ್ಲಿರುವ ತಲೆ, ನೆಲದತ್ತ ಇಳಿಯುತ್ತದೆ. ವಾದಕರು ಇದನ್ನು ನೆಕ್ ಡೈವ್ ಎನ್ನುತ್ತಾರೆ. ಕಾರಣ ತಿಳಿಯಲು ಟವೆಲನ್ನು ಉರುಳೆಯಂತೆ ಸುತ್ತಿ ಮೇಜಿನ ಮೇಲಿಟ್ಟು, ಗಿಟಾರ್ ತಕ್ಕಡಿಯಂತೆ ಸಮವಾಗಿ ನಿಲ್ಲುವ ಜಾಗ ಹುಡುಕಿದೆ. ತೂಕದ ನಡುಬಿಂದು ಹೆಗಲಪಟ್ಟಿ ಸಿಕ್ಕಿಸುವ ಸ್ಟ್ರಾಪ್ ಬಟನ್‌ಗೆ ತೀರಾ ಹತ್ತಿರವಿತ್ತು. 1954ರಲ್ಲಿ ಬಂದ ಸ್ಟ್ರಾಟೋಕಾಸ್ಟರ್ ಗಿಟಾರಿನ ಮೇಲಿನ ಕೊಂಬು ಹನ್ನೆರಡನೆಯ ಫ್ರೆಟ್‌ನ ಹತ್ತಿರದವರೆಗೆ ಚಾಚಿಕೊಂಡಿದೆ. ಬಟನ್ ಅದರ ತುದಿಯಲ್ಲಿರುವುದರಿಂದ ತೂಕದ ನಡುಬಿಂದು ಬಟನ್‌ಗಿಂತ ಬಲಕ್ಕೇ ಉಳಿಯುತ್ತದೆ, ಗಿಟಾರ್ ಸಮವಾಗಿ ತೂಗುತ್ತದೆ. ವಿ ಆಕಾರಕ್ಕೆ ಅಂಥ ಕೊಂಬೇ ಇಲ್ಲ. ಬಟನ್ ನೆಕ್‌ನ ಬುಡದಲ್ಲಿ ಕೂರುವುದರಿಂದ ಇಡೀ ಗಿಟಾರ್ ಎಡಕ್ಕೆ ಸರಿಯುತ್ತದೆ. ಮೊದಲನೆಯ ಫ್ರೆಟ್ ಮುಟ್ಟಲು ತೋಳು ಚಾಚಬೇಕಾಗುತ್ತದೆ.

ನನ್ನದರಲ್ಲಿ ಬಟನ್ ನೆಕ್‌ನ ಹಿಂಬದಿಗಿತ್ತು. ಹಾಗಾಗಿ ಗಿಟಾರ್ ವಾಲುವುದರ ಜೊತೆಗೆ ಹೊಟ್ಟೆಯಿಂದ ಮುಂದಕ್ಕೂ ಬಾಗುತ್ತಿತ್ತು. ಬಟನನ್ನು ಗಿಟಾರಿನ ಮೇಲಿನ ಭುಜದ ಅಂಚಿಗೆ ಬದಲಿಸಿದೆ. ಒಳಗೆ ವೈರ್ ಹೋಗುವ ಪೊಳ್ಳು ಅಲ್ಲಿಲ್ಲವೆಂದು ಖಾತ್ರಿ ಮಾಡಿಕೊಂಡು, ಬಣ್ಣ ಚಕ್ಕೆ ಏಳದಂತೆ ಟೇಪ್ ಅಂಟಿಸಿ, ಸ್ಕ್ರೂಗಿಂತ ತೆಳುವಾದ ಬಿಟ್‌ನಿಂದ ತೂತು ಕೊರೆದೆ. ಸ್ಕ್ರೂಗೆ ಸೋಪು ಸವರಿ ನಿಧಾನವಾಗಿ ತಿರುಗಿಸಿದೆ. ಒಳಮೈ ಒರಟಾಗಿರುವ ಅಗಲ ಚರ್ಮದ ಸ್ಟ್ರಾಪ್ ಹಾಕಿದ ಮೇಲೆ ಅದು ನನ್ನ ಭುಜವನ್ನು ಹಿಡಿದುಕೊಂಡಿತು, ವಾಲುವುದೂ ಬಹುಮಟ್ಟಿಗೆ ನಿಂತಿತು. ನೈಲಾನ್ ಸ್ಟ್ರಾಪ್‌ನಲ್ಲಿ ಈ ಹಿಡಿತ ಸಿಗುವುದಿಲ್ಲ. ಹಿಂಬದಿಗೆ ಭಾರ ಕಟ್ಟುವ ಸಲಹೆಯೂ ಬಂದಿತ್ತು. ಅದು ಕೈಯ ನೋವನ್ನು ಭುಜಕ್ಕೆ ದಾಟಿಸುವ ಉಪಾಯ, ನಾನು ಒಪ್ಪಲಿಲ್ಲ.

ಎಕ್ಸ್‌ಪ್ಲೋರರ್ ಎಂಬ ಮೂಲೆಮೂಲೆಯಾದ ಆಕಾರದ ಗಿಟಾರನ್ನೂ ಒಂದು ವರ್ಷ ಇಟ್ಟುಕೊಂಡಿದ್ದೆ. ತೊಡೆಯ ಮೇಲೆ ಅದು ಚೆನ್ನಾಗಿಯೇ ಕೂರುತ್ತದೆ. ಆದರೆ ಹಿಂದಿನ ಮೂಲೆ ದೊಡ್ಡದು, ಅಂಚು ಚಪ್ಪಟೆ ಹಲಗೆಯಂಥದ್ದು. ನುಡಿಸಿ ಮುಗಿಸುವಾಗ ಮುಂಗೈಯ ಮೇಲೆ ಕೆಂಪು ಗೆರೆ ಮೂಡಿ, ಕಿರುಬೆರಳು ಜೋಮು ಹಿಡಿದಿರುತ್ತಿತ್ತು. ಉದ್ದ ತೋಳಿನ ಅಂಗಿ ಹಾಕಿದರೆ ಸ್ವಲ್ಪ ಪರವಾಗಿಲ್ಲ. ಜೋಮು ಹಿಡಿದ ಕೈಯಲ್ಲಿ ಅಭ್ಯಾಸ ಮುಂದುವರಿಸುವುದು ಮಾತ್ರ ತಪ್ಪು.

ಹೆಡ್‌ಸ್ಟಾಕ್ ಇಲ್ಲದ ಗಿಟಾರಿನ ಅನುಭವ ಇದಕ್ಕೆ ತದ್ವಿರುದ್ಧ. ವಾದ್ಯ ವಿನ್ಯಾಸಕ ನೆಡ್ ಸ್ಟೈನ್‌ಬರ್ಗರ್ 1980ರ ದಶಕದಲ್ಲಿ ಹೆಸರುವಾಸಿ ಮಾಡಿದ ವಿನ್ಯಾಸ ಅದು. ತುದಿಯಲ್ಲಿ ಭಾರವಿಲ್ಲ, ಶ್ರುತಿ ಮಾಡುವ ತಿರುಪುಗಳು ದೇಹದ ಮೇಲೆ ತಂತಿಗಳನ್ನು ಹೊರುವ ಬ್ರಿಡ್ಜ್‌ನ ಹಿಂದೆ. ನೆಕ್ ವಾಲುವ ಮಾತೇ ಇಲ್ಲ. ದೇಹ ತೀರಾ ಚಿಕ್ಕದಾದ್ದರಿಂದ ಕುಳಿತು ನುಡಿಸಲು ಮಡಚುವ ತೊಡೆಯಾಸರೆ ಜೋಡಿಸಿದ್ದರು. ಸ್ನೇಹಿತರೊಬ್ಬರದನ್ನು ಒಂದು ವಾರ ನುಡಿಸಿದೆ. ಕೈಗೆ ಆಯಾಸವೇ ಆಗಲಿಲ್ಲ. ಆದರೆ ಕಣ್ಣಂಚಿನಲ್ಲಿ ಹೆಡ್‌ಸ್ಟಾಕ್ ಕಾಣದೆ ಎಡಗೈ ಪದೇ ಪದೇ ಒಂದು ಫ್ರೆಟ್ ತಪ್ಪುತ್ತಿತ್ತು.

ಈಗ ಬೆಳಗಿನ ದೀರ್ಘ ಅಭ್ಯಾಸಕ್ಕೆ ನಾನು ಎತ್ತಿಕೊಳ್ಳುವುದು ಆ ವಿ ಗಿಟಾರನ್ನೇ. ಕುಳಿತಾಗಲೂ ಸ್ಟ್ರಾಪ್ ಹಾಕಿಯೇ ಇರುತ್ತೇನೆ, ನಿಂತಾಗ ನೆಕ್ ಯಾವ ಎತ್ತರದಲ್ಲಿ ಬರುತ್ತದೋ ಅದೇ ಎತ್ತರಕ್ಕೆ ಅದನ್ನು ಬಿಗಿದು. ಎದ್ದು ನಿಂತಾಗ ಕೈ ಹೊಸದಾಗಿ ಜಾಗ ಹುಡುಕಬೇಕಾಗಿ ಬರುವುದಿಲ್ಲ.