ಮೋಟಾರ್ ಬದಲಿಸುವ ಮೊದಲು ಮೀಟರ್ ಹಿಡಿಯಿರಿ

ಅಣ್ಣನ ಮಗನಿಗೆಂದು ಮಾಡಿದ ರಿಮೋಟ್ ಕಾರನ್ನು ಎತ್ತಿ ಹಿಡಿದರೆ ನಾಲ್ಕೂ ಚಕ್ರ ಗಿರ್ರನೆ ತಿರುಗುತ್ತಿದ್ದವು. ನೆಲಕ್ಕಿಟ್ಟರೆ ಬೇರೆಯೇ ಕತೆ. ಕಲಬುರಗಿಯ ಹಳೆ ಮನೆಗಳಲ್ಲಿ ನೆಲವೆಂದರೆ ಶಹಾಬಾದ್ ಪರಸಿ ಕಲ್ಲು ಅಲ್ವಾ? ಎರಡು ಪರಸಿಗಳ ನಡುವಿನ ಸಂದಿಯಲ್ಲಿ ಚಕ್ರ ಸಿಕ್ಕರೆ ಗಾಡಿ ಅಲ್ಲೇ ನಿಲ್ಲುತ್ತಿತ್ತು. ಬಾಗಿಲ ಮುಂದೆ ಸ್ಕೂಟರ್ ಹತ್ತಿಸಲು ಕಟ್ಟಿದ ಇಳಿಜಾರಂತೂ ದೂರದ ಮಾತು. "ಕಾಕಾ, ಏರವಲ್ದು ನೋಡ್ರಿ. ದೊಡ್ಡ ಮೋಟಾರ್ ಹಾಕ್ರಿ" ಅಂದ ಹುಡುಗ.

ಬಿಡಿಭಾಗ ಮಾರುವ ಅಂಗಡಿಯವನೂ ಅದನ್ನೇ ಹೇಳಿದ. ನನಗೆ ಒಪ್ಪಿಗೆಯಾಗಲಿಲ್ಲ. ಹಾಕಿದ್ದು ಎಲ್ಲರೂ ಹಾಕುವ, ಒಳಗೇ ಪ್ಲಾಸ್ಟಿಕ್ ಗೇರ್ ಇರುವ ಹಳದಿ ಬಿಒ ಮೋಟಾರೇ. ಇಷ್ಟು ಸಣ್ಣ ಗಾಡಿಗೆ ಅವು ನಾಲ್ಕಿದ್ದರೆ ಧಾರಾಳ ಸಾಕು. ಮೋಟಾರಿಗೆ ಎಷ್ಟು ವೋಲ್ಟ್ ಮುಟ್ಟುತ್ತಿದೆ ಅಂತ ನೋಡದೆ ಅದನ್ನು ಬೈದರೆ ಏನು ಬಂತು?

ಮಲ್ಟಿಮೀಟರಿನ ಕಡ್ಡಿಗಳನ್ನು ಮೋಟಾರಿನ ಎರಡು ತುದಿಗೇ ಹಿಡಿದೆ. ಹುಡುಗ ರಿಮೋಟ್ ಒತ್ತಿದ, ನಾನು ಚಕ್ರವನ್ನು ಎರಡು ಸೆಕೆಂಡು ಬೆರಳಿನಿಂದ ತಡೆದೆ. ಜಾಸ್ತಿ ಹೊತ್ತು ತಡೆಯಬೇಡಿ, ಮೋಟಾರ್ ಸುಡುತ್ತದೆ. ಮೀಟರಿನ ಅಂಕಿ 3ಕ್ಕಿಂತ ಕೆಳಗೆ ಬಿತ್ತು. ಬ್ಯಾಟರಿಯ ಮೇಲೆ ಬರೆದದ್ದು 9 ವೋಲ್ಟ್! ಉಳಿದದ್ದೆಲ್ಲ ದಾರಿಯಲ್ಲೇ ಸೋರಿಹೋಗುತ್ತಿತ್ತು.

ಮೊದಲ ಸೋರಿಕೆ ಆ ಚೌಕ ಬ್ಯಾಟರಿಯಲ್ಲೇ. ಅದರೊಳಗೆ 1.5 ವೋಲ್ಟಿನ 6 ಪುಟ್ಟ ಸೆಲ್ಲುಗಳಿರುತ್ತವೆ. ಮೀಟರಿಗೋ ಸಣ್ಣ ಅಲಾರಮ್ಮಿಗೋ ಅದು ಸರಿ. ಮೋಟಾರುಗಳು ಒಮ್ಮೆಗೇ ಕರೆಂಟ್ ಎಳೆದರೆ ಅದರ ವೋಲ್ಟೇಜ್ ಕುಸಿಯುತ್ತದೆ. ಅದನ್ನು ತೆಗೆದು 18650 ಲಿಥಿಯಂ ಸೆಲ್ ಎರಡನ್ನು ಸರಣಿಯಲ್ಲಿ ಜೋಡಿಸಿದೆ. ಪೂರ್ತಿ ಚಾರ್ಜಾದಾಗ 8.4 ವೋಲ್ಟ್. ಕೊಳ್ಳುವಾಗ ಹುಷಾರ್: ಈ ಅಳತೆಯ ಸೆಲ್ಲಿನ ಮೇಲೆ 9900 ಎಂಎಎಚ್ (ಸೆಲ್ ಹಿಡಿಯುವ ಚಾರ್ಜಿನ ಅಳತೆ) ಅಂತ ಬರೆದಿದ್ದರೆ ಅದು ಶುದ್ಧ ಸುಳ್ಳು. ಒಳ್ಳೆಯ ಕಂಪನಿಯವೇ 3500ರ ಆಸುಪಾಸಿನಲ್ಲಿರುತ್ತವೆ. ಅತಿಯಾಗಿ ಚಾರ್ಜ್ ಆಗದಂತೆ, ಪೂರ್ತಿ ಬರಿದಾಗದಂತೆ ಕಾಯುವ ಪ್ರೊಟೆಕ್ಷನ್ ಬೋರ್ಡ್ ಇಲ್ಲದೆ ಬಳಸಬೇಡಿ. ನಮ್ಮೂರ ಮೇ ತಿಂಗಳ ಬಿಸಿಲಲ್ಲಿ ಮಾಳಿಗೆ ಮೇಲಂತೂ ಬಿಟ್ಟು ಬರಲೇಬೇಡಿ.

ಎರಡನೆಯದು ಎಲ್298ಎನ್ ಡ್ರೈವರ್, ಅಂದರೆ ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಹರಿಸುವ ಬೋರ್ಡ್. ಹಳೆ ಕಾಲದ ಟ್ರಾನ್ಸಿಸ್ಟರ್ ಚಿಪ್ ಅದು. 1 ಆಂಪಿಯರ್ ಹರಿದರೆ ಸುಮಾರು 2 ವೋಲ್ಟ್ ಅದೇ ನುಂಗಿ ಬಿಸಿ ಮಾಡಿಬಿಡುತ್ತದೆ. ಅದಕ್ಕೇ ಅದರ ಬೆನ್ನಿಗೆ ಅಷ್ಟು ದೊಡ್ಡ ಹೀಟ್‌ಸಿಂಕ್. ಬಹಳ ಜನ ಇದನ್ನು ಕಿತ್ತು ಹೊಸ ಡ್ರೈವರ್ ಹಾಕಿ ಅನ್ನುತ್ತಾರೆ. ನಾನು ಹಾಗೇ ಇಟ್ಟೆ. 8.4ರಲ್ಲಿ 2 ಹೋದರೆ ಉಳಿಯುವುದು 6ರ ಸುತ್ತ, 6 ವೋಲ್ಟಿನ ಮೋಟಾರಿಗೆ ಅಷ್ಟೇ ತಾನೇ ಬೇಕು? ಕೂದಲೆಳೆಯಂಥ ಜಂಪರ್ ವೈರುಗಳನ್ನು ಮಾತ್ರ ಬಿಸಾಕಿ, ದಪ್ಪ ವೈರ್ ಬೆಸುಗೆ ಹಾಕಿದೆ.

ಇಷ್ಟಾದ ಮೇಲೆ ಪರಸಿ ಸಂದಿ ಸಲೀಸಾಗಿ ದಾಟಿತು. ಇಳಿಜಾರಿನ ಅರ್ಧಕ್ಕೆ ಹೋಗಿ ಗುಂಯ್ ಅನ್ನುತ್ತಾ ನಿಂತಿತು. ಅದು ವೋಲ್ಟಿನದಲ್ಲ, ಗೇರಿನ ಸಮಸ್ಯೆ. ನನ್ನ ಮೋಟಾರುಗಳು 200 ಆರ್‌ಪಿಎಂನವು, ಅಂದರೆ ನಿಮಿಷಕ್ಕೆ 200 ಸುತ್ತು. 65 ಮಿಲಿಮೀಟರ್ ಚಕ್ರಕ್ಕೆ ಲೆಕ್ಕ ಹಾಕಿದರೆ ನಿಮಿಷಕ್ಕೆ 40 ಮೀಟರ್ ಓಟ. ನೋಡಲು ಅದೇ ತರಹದ, ಗೇರ್ ಮಾತ್ರ ಬೇರೆಯಾದ 100 ಆರ್‌ಪಿಎಂ ಮೋಟಾರ್ ಸಿಗುತ್ತದೆ. ವೇಗ ಅರ್ಧ, ತಿರುಚುವ ತಾಕತ್ತು ಹೆಚ್ಚುಕಡಿಮೆ ದುಪ್ಪಟ್ಟು. ಹುಡುಗ ಸ್ವಲ್ಪ ಮುಖ ಸಣ್ಣ ಮಾಡಿದ, ಗಾಡಿ ಮಾತ್ರ ಏರಿತು.

ಯಾರೂ ಹೇಳದ ಒಂದು ವಿಷಯ ತಿರುವಿನದು. ಸ್ಟೀರಿಂಗ್ ಇಲ್ಲದ ನಾಲ್ಕು ಚಕ್ರದ ಗಾಡಿ ತಿರುಗುವಾಗ ಚಕ್ರಗಳು ಅಡ್ಡಡ್ಡ ಉಜ್ಜಿಕೊಂಡು ಹೋಗಬೇಕು. ನೇರ ಓಡುವಾಗಿನದಕ್ಕಿಂತ ಆಗಲೇ ಕರೆಂಟ್ ಜಾಸ್ತಿ ಬೇಕು. ನುಣುಪಾದ ಪರಸಿ ಮೇಲೆ ಗೊತ್ತಾಗಲ್ಲ, ಜಮಖಾನದ ಮೇಲೆ ಗಾಡಿ ಹಟ ಹಿಡಿಯುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳನ್ನು ಹತ್ತಿರಕ್ಕೆ ತಂದು, ಗಾಡಿಯ ಉದ್ದಕ್ಕಿಂತ ಅಗಲ ಜಾಸ್ತಿ ಮಾಡಿದೆ. ಒಂದು ಪೈಸೆ ಖರ್ಚಿಲ್ಲದೆ ತಿರುವು ಹಗುರಾಯಿತು.

ಈಗ ಕಾಳಜಿ ಪ್ಲಾಸ್ಟಿಕ್ ಗೇರಿನ ಹಲ್ಲುಗಳದ್ದು. ಮುಂದೆ ಓಡುವಾಗಲೇ ಹುಡುಗ ರಿವರ್ಸ್ ಒತ್ತುತ್ತಾನೆ, ಒಳಗೆ ಟಕ್ ಟಕ್ ಅನ್ನುತ್ತದೆ. ದಿಕ್ಕು ಬದಲಿಸುವ ಮುಂಚೆ ಕಾಲು ಸೆಕೆಂಡ್ ನಿಲ್ಲುವಂತೆ ಗಾಡಿ ನಡೆಸುವ ಪ್ರೋಗ್ರಾಮಿನ ಕೋಡಿನಲ್ಲಿ ಒಂದು ಸಾಲು ಸೇರಿಸಿದ್ದೇನೆ. ಸದ್ಯಕ್ಕೆ ಸದ್ದು ನಿಂತಿದೆ.